ಇಲ್ಲ ಮೇಷ್ಟ್ರ ಪಾಠ

ಆಗಸ್ಟ್ 4. ತಮ್ಮನ ಧ್ವನಿ ಸಂದೇಶ

...ಅಲ್ಲ, ಹಾಗಲ್ಲ, ಕ್ಷಮಿಸು ಅಣ್ಣ, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಇದಕ್ಕೆ ಮುಂಚೆ ಎರಡು ಸಲ ರೆಕಾರ್ಡ್ ಮಾಡಿ ಅಳಿಸಿದೆ. ಮೊದಲನೇದ್ರಲ್ಲಿ ಕ್ಷಮೆ ಜಾಸ್ತಿ ಆಯ್ತು, ಎರಡನೇದ್ರಲ್ಲಿ ಬೈಗುಳ ಜಾಸ್ತಿ ಆಯ್ತು. ಇದು ಎರಡರ ನಡುವಿಂದು ಅನ್ಕೋ.

ನಿನ್ನ ಚೀಟಿ ಫೋಟೋ ನೋಡಿದೆ. ನೋಟ್‌ಬುಕ್ ಅಂಚು ಕತ್ತರಿಸಿ ಉಳಿದ ಪಟ್ಟಿ ಮೇಲೆ ಬರೆದಿದ್ದೀಯ, ಎರಡು ಬೆರಳಗಲ. ಇಡೀ ಬೈಂಡಿಂಗ್ ಶಾಪ್ ತುಂಬ ಕಾಗದ ಇಟ್ಕೊಂಡಿರೋ ಮನುಷ್ಯ, ತಮ್ಮಂಗೆ ಬರೆಯೋಕೆ ಮಾತ್ರ ಕಸದ ಚೂರು! 'ಕ್ಲಾಸಿನಲ್ಲಿ ನನ್ನನ್ನು ಆಡಿ ತೋರಿಸಿ ಮಕ್ಕಳನ್ನು ನಗಿಸುತ್ತೀಯಂತೆ. ಸಂಬಳ ಕೊಡುವುದು ಇದಕ್ಕೇನಾ?' ಅಂತ. ಅಷ್ಟೇ. ಒಂದು ಫೋನ್ ಮಾಡಿ ಬಯ್ಯೋಕೇನಾಗಿತ್ತು ನಿಂಗೆ?

ಏನಾಯ್ತು ಅಂತ ಹೇಳ್ತೀನಿ, ಕೇಳು. ಕೊನೇ ವರ್ಷದ ಮಕ್ಕಳಿಗೆ ನಾನು ತಗೊಳ್ಳೋ ಕ್ಲಾಸು 'ಸ್ವಂತ ಹಣದ ನಿರ್ವಹಣೆ'. ಬಜೆಟ್ಟು, ಉಳಿತಾಯ, ವಿಮೆ, ಅದೆಲ್ಲ ಪುಸ್ತಕದಲ್ಲಿದೆ, ಯಾರು ಬೇಕಾದ್ರೂ ಓದಿ ಹೇಳ್ಬಹುದು. ಆದ್ರೆ ಇಪ್ಪತ್ತೊಂದು ವರ್ಷದ ಮಕ್ಕಳು ಮುಳುಗೋದು ಬಜೆಟ್ ಹಾಕ್ದೇ ಇರೋದ್ರಿಂದ ಅಲ್ಲಣ್ಣ. ತಮ್ಮೋರು ಅನ್ನೋರು ಬಂದು ಕೇಳಿದಾಗ 'ಇಲ್ಲ' ಅನ್ನೋಕೆ ನಾಲಿಗೆ ಏಳಲ್ವಲ್ಲ, ಅದ್ರಿಂದ. ಅದಕ್ಕೆ ನಾನೊಂದು ಪ್ರಾಕ್ಟಿಕಲ್ ಇಟ್ಟಿದೀನಿ. ನಾನು ನೆಂಟ. ಸಾಲಕ್ಕೆ ಜಾಮೀನು ಸಹಿ ಕೇಳ್ಕೊಂಡು ಬರ್ತೀನಿ. ಅಳ್ತೀನಿ, ಹೊಗಳ್ತೀನಿ, ಎತ್ತಿ ಆಡ್ಸಿದ್ದು ನೆನಪಿಸ್ತೀನಿ. ಅವರು ಮೂರೇ ಮಾತು ಹೇಳ್ಬೇಕು. 'ಇಲ್ಲ. ನನ್ನಿಂದ ಆಗಲ್ಲ. ಬೇರೆ ಏನಾದ್ರೂ ಮಾತಾಡೋಣ.' ಸುಳ್ಳು ಹೇಳೋ ಹಾಗಿಲ್ಲ. ಯಾಕೆ ಅಂತಾನೂ ಕೇಳೋ ಹಾಗಿಲ್ಲ. ಅದೇ ಮುಖ್ಯ ನಿಯಮ. ಕಾರಣ ಕೇಳಿದ್ರೆ ಅರ್ಧ ಒಪ್ಕೊಂಡ ಹಾಗೆ, ಉಳಿದರ್ಧ ಅವರೇ ಅತ್ತು ಒಪ್ಪಿಸ್ತಾರೆ. ಕಾಲೇಜಲ್ಲಿ ನಂಗೆ 'ಇಲ್ಲ ಮೇಷ್ಟ್ರು' ಅಂತಾನೇ ಹೆಸರು ಬಿದ್ದಿದೆ.

ಈ ಸಲ ನೆಂಟನ ಬಾಯಿಗೆ ಎರಡು ಮಾತು ಹಾಕಿದೆ. 'ಒಂದು ಸಹಿ ತಾನೆ? ಜೀವ ಕೇಳಿದ್ನಾ?' ಅಂತ. ಹೇಳ್ತಾ ಹೇಳ್ತಾ ಹೆಬ್ಬೆರಳಿಗೆ ತೋರುಬೆರಳು ಉಜ್ಜಿದೆ, ಒಣಗಿದ ಗೋಂದು ಉದುರಿಸೋ ಥರ. ಕ್ಲಾಸು ಬಿದ್ದು ಬಿದ್ದು ನಕ್ತು. ಯಾವನೋ ವಿಡಿಯೋ ಮಾಡಿದ, ಅದು ಊರೂರು ಸುತ್ತಿ ನಿನ್ನ ಶಾಪಿಗೂ ಬಂತು. ನಗದೇ ಇದ್ದೋಳು ಎರಡನೇ ಸಾಲಲ್ಲಿ ಕೂತಿದ್ದ ನಿನ್ನ ಮಗಳೊಬ್ಬಳೇ. ನಮ್ಮನೇಲಿದ್ದು ಓದ್ತಿರೋ ನಮ್ಮ ಸೂಜಿ.

ನಾನು ನಿನ್ನ ಹೆಸರು ಹೇಳ್ಲಿಲ್ಲ. ಅಣ್ಣ ಅಂತಾನೂ ಹೇಳ್ಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ, ಹಾಗಾಯ್ತು ನಿನ್ನ ಕಥೆ. ಆ ಮಾತು ಎಷ್ಟು ಜನರ ಹತ್ರ ಹೇಳಿದ್ದೀಯ ನೀನು? ಸೋದರಮಾವನ ಹತ್ರ, ಕಾಗದದ ಅಂಗಡಿಯವನ ಹತ್ರ, ನನ್ನ ಹತ್ರ! ಬೇಕಾದ್ರೆ ಬೆರಳುಜ್ಜೋದು ಬಿಡ್ತೀನಿ. ಮಾತು ಬಿಡಲ್ಲ.

ನೋಡು, ಇದೂ ಬೈಗುಳದ ಕಡೆಗೇ ವಾಲ್ತು.

ಆಗಸ್ಟ್ 6. ಅಣ್ಣನ ಚೀಟಿ

ತಮ್ಮ,
ಕೈಯಲ್ಲಿ ಗೋಂದು ಇರುವುದರಿಂದ ನಿನ್ನ ಸಂದೇಶವನ್ನು ಸ್ಪೀಕರ್‌ನಲ್ಲಿ ಹಾಕಿ ಕೇಳುತ್ತೇನೆ. ಶಾಪಿನವರೆಲ್ಲ ಕೇಳಿದರು. ಪುಸ್ತಕ ಹೊಲಿಯುವ ನಮ್ಮ ಹೊಲಿಗೆಯವನು ಕುಂಬಳಕಾಯಿ ಮಾತಿಗೆ ನಕ್ಕ. ಸೂಜಿ ಎರಡು ವಾರದಿಂದ ನನಗೆ ಫೋನ್ ಮಾಡಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದರೆ ನೀನೇ. ಅವಳಿಗೊಂದು ಲಕೋಟೆ ಕಳಿಸುತ್ತಿದ್ದೇನೆ. ಸಹಿ ಹಾಕಿ ಬೇಗ ಕಳಿಸಲಿ.

ಆಗಸ್ಟ್ 17. ಧ್ವನಿ ಸಂದೇಶ

ಸ್ಪೀಕರ್ ಆಫ್ ಮಾಡು ಮೊದ್ಲು. ಮಾಡಿದ್ಯಾ? ಮಾಡಿರಲ್ಲ. ಸರಿ, ಎಲ್ಲರೂ ಕೇಳಿ.

ಲಕೋಟೆ ಬಂತಣ್ಣ. ಕಂದು ಬಣ್ಣದ್ದು. ನೀನೇ ಕೈಯಾರೆ ಮಡಚಿ ಅಂಟಿಸಿದ್ದು ಅಂತ ಮೂಲೆ ನೋಡಿದ್ರೇ ಗೊತ್ತಾಗುತ್ತೆ. ನಿನ್ನೆಯೆಲ್ಲ ಊಟದ ಮೇಜಿನ ಮೇಲೇ ಬಿದ್ದಿತ್ತು. ಸೂಜಿ ಅದರ ಸುತ್ತ ತಟ್ಟೆ ಇಟ್ಟಳು, ಲೋಟ ಇಟ್ಟಳು, ಅದನ್ನ ಮಾತ್ರ ಮುಟ್ಟಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಿದ್ಲು.

'ಚಿಕ್ಕಪ್ಪ, ಬಿಚ್ಚಿ ನೋಡ್ಲಾ?'

'ಪಾಠ ಏನು?'

'ಕಾರಣ ಕೇಳಬಾರದು.'

'ಲಕೋಟೆ ಬಿಚ್ಚೋದು ಅಂದ್ರೆ?'

'ಕಾರಣ ಕೇಳಿದ ಹಾಗೆ. ಆದ್ರೆ ಇದು ನಿಮ್ಮ ಕ್ಲಾಸಲ್ಲ ಚಿಕ್ಕಪ್ಪ. ಇದು ನನ್ನಪ್ಪ.'

'ಕ್ಲಾಸಲ್ಲಿ ಸುಮ್ನೆ ಆಡಿದ್ದು. ಪರೀಕ್ಷೆ ಇರೋದು ಇಲ್ಲೇ,' ಅಂದೆ.

ತಟ್ಟೆ ಪಕ್ಕಕ್ಕೆ ಸರಿಸಿದ್ಲು. ಆಮೇಲೆ ಪೆನ್ನು ತಗೊಂಡು ಲಕೋಟೆ ಮೇಲೇ ಆ ಮೂರು ಮಾತು ಬರೆದ್ಲು. ಇವತ್ತು ನಾನೇ ವಾಪಸ್ ಅಂಚೆಗೆ ಹಾಕಿದೆ. ನಿಂಗೆ ಸಿಟ್ಟು ಬರುತ್ತೆ ಅಂತ ಗೊತ್ತು. ಬರ್ಲಿ. ಸೂಜಿ ಆಮೇಲೆ ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ್ಲು, ಊಟ ಅರ್ಧಕ್ಕೇ ಬಿಟ್ಟು. ಓದೋದು ಬಹಳ ಇತ್ತು ಅನ್ಸುತ್ತೆ.

ಈಗ ನಂಗೆ ಯಾಕೆ ಇಷ್ಟು ಸಿಟ್ಟು ಅಂತ ಹೇಳ್ತೀನಿ. ನಿನ್ನ ಮಗಳಿಗೆ ಈ ಡಿಗ್ರಿ ಮುಗಿದ ಮೇಲೆ ಮುಂದೆ ಓದೋಕೆ ಈಗ್ಲೇ ಸೀಟು ಸಿಕ್ಕಿದೆ. ಹಳೇ ಪುಸ್ತಕ, ಹಳೇ ದಾಖಲೆ ರಿಪೇರಿ ಮಾಡೋ ವಿದ್ಯೆ. ಹುಳ ತಿಂದ ಹಾಳೆಗೆ ಹಾಳೆ ಬೆಸೆಯೋದು. ನಿನ್ನ ಶಾಪಲ್ಲಿ ನಿನ್ನ ಕಾಲ ಹತ್ರ ಕೂತು ದಾರ ಪೋಣಿಸ್ತಾ ಹತ್ತಿಸ್ಕೊಂಡ ಹುಚ್ಚು ಅದು, ಸೂಜಿ ಅನ್ನೋ ಹೆಸರೇ ಅಲ್ಲಿಂದ ಬಂದಿದ್ದು. ಅಕ್ಟೋಬರ್ ಹದಿನೈದರೊಳಗೆ ಫೀಸು ಕಟ್ಟಬೇಕು. ಅವಳ ಹೆಸರಲ್ಲೇ ಓದಿನ ಸಾಲ ತಗೋತಾಳೆ. ಅವಳ ಹತ್ರ ಇರೋ ಆಸ್ತಿ ಅಂದ್ರೆ ಕೊಳೆಯಾಗದ ಅವಳ ಹೆಸರು, ಅಷ್ಟೇ. ಆ ಹೆಸರನ್ನ ನಿನ್ನ ಶಾಪಿನ ಸಾಲಕ್ಕೆ ಹೊಲಿಯೋಕೆ ಬಿಡಲ್ಲ ನಾನು. ನೀನು ಅಪ್ಪ ಆಗಿರ್ಬಹುದು. ನಾನೂ ಅವಳ ಮೇಷ್ಟ್ರು.

ಆಗಸ್ಟ್ 24. ಅಣ್ಣನ ಚೀಟಿ

ಲಕೋಟೆ ಬಂತು. ಅಂಟು ಬಿಚ್ಚಿಲ್ಲ. ಬಿಚ್ಚಿ ಮತ್ತೆ ಅಂಟಿಸಿದ್ದರೆ ನನಗೆ ಗೊತ್ತಾಗುತ್ತಿತ್ತು, ಅದು ನನ್ನ ಕಸುಬು. ನಿಜವಾಗಿಯೂ ಬಿಚ್ಚಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಕೇಳದವರಿಗೆ ನಾನಾಗಿ ಹೇಳುವವನಲ್ಲ. ಸೆಪ್ಟೆಂಬರ್ ಹತ್ತು ಕೊನೆಯ ದಿನ.
ಮೊನ್ನೆ ಭಾನುವಾರ ಕೆಲಸಕ್ಕೆ ಬಾ ಎಂದರೆ ಹೊಲಿಗೆಯವನು, 'ಇಲ್ಲ, ನನ್ನಿಂದ ಆಗಲ್ಲ, ಬೇರೆ ಏನಾದ್ರೂ ಮಾತಾಡೋಣ' ಎಂದ. ನಿನ್ನ ಶಿಷ್ಯರು ಇಲ್ಲಿಯೂ ತಯಾರಾಗಿದ್ದಾರೆ.

ಆಗಸ್ಟ್ 25. ಧ್ವನಿ ಸಂದೇಶ

ಹೊಲಿಗೆಯವನಿಗೆ ನನ್ನ ನಮಸ್ಕಾರ ಹೇಳು. ನೂರಕ್ಕೆ ನೂರು ಕೊಟ್ಟಿದೀನಿ ಅಂತ ಹೇಳು.

ಮತ್ತೆ ಏನದು, 'ಕೇಳಿದ್ದರೆ ಹೇಳುತ್ತಿದ್ದೆ'? ನಾವು ಕೇಳಲ್ಲ, ನೀನು ಹೇಳ್ಬೇಡ. ನಿನ್ನ ಕಾರಣಗಳು ನಂಗೆ ಗೊತ್ತಿಲ್ವಾ? ಈ ವರ್ಷ ಕಾಗದದ ರೇಟು ಏರ್ತು, ಆ ವರ್ಷ ಸ್ಕೂಲಿನವರು ಆರ್ಡರ್ ಕ್ಯಾನ್ಸಲ್ ಮಾಡಿದ್ರು. ಎಲ್ಲಾ ನಿಜಾನೇ. ಅದೇ ತೊಂದ್ರೆ. ಸುಳ್ಳು ಕಾರಣಕ್ಕೆ ಇಲ್ಲ ಅನ್ನೋದು ಸುಲಭ. ನಿಜವಾದ ಕಾರಣ ಕೇಳಿದ ಮೇಲೆ ಇಲ್ಲ ಅಂದ್ರೆ ಹೊಟ್ಟೇಲಿ ಕಲ್ಲು ಹಾಕ್ದಂಗಾಗುತ್ತೆ. ಅದಕ್ಕೇ ಕೇಳ್ಬಾರ್ದು ಅಂತ ಕಲಿಸೋದು. ಕೊನೆಯ ದಿನ ಅಂತ ಹೆದರಿಸ್ಬೇಡ. ಕೊನೆಯ ದಿನ ಅನ್ನೋದು ವಸೂಲಿ ಮಾಡೋರ ಭಾಷೆ, ಅಪ್ಪಂದಿರ ಭಾಷೆ ಅಲ್ಲ.

ಇನ್ನು ಇದರ ಮಾತು ಬೇಡ.

ಸೆಪ್ಟೆಂಬರ್ 19. ಧ್ವನಿ ಸಂದೇಶ

ಸ್ಪೀಕರ್ ಹಾಕೋ. ಹಾಕು! ಇವತ್ತು ಹಾಕ್ಲೇಬೇಕು. ನಿನ್ನ ಹೊಲಿಗೆಯವನು, ಅಂಟಿಸೋರು, ಗಾಡಿಯವನು, ಎಲ್ಲರೂ ಕೇಳ್ಲಿ, ಅವರ ಯಜಮಾನ ಎಂಥೋನು ಅಂತ.

ಇವತ್ತು ಸೂಜಿ ಜೊತೆ ಬ್ಯಾಂಕಿಗೆ ಹೋಗಿದ್ದೆ, ಓದಿನ ಸಾಲಕ್ಕೆ. ಹಸಿರು ಗಾಜಿನ ಕೌಂಟರು, ಆಚೆ ಒಬ್ಬ ಚಿಕ್ಕ ವಯಸ್ಸಿನ ಆಫೀಸರು. ಅವನು ನನ್ನದೇ ಹಳೇ ವಿದ್ಯಾರ್ಥಿ ಅಂತೆ! 'ಇಲ್ಲ ಮೇಷ್ಟ್ರು ಬಂದ್ರು' ಅಂತ ಎದ್ದು ನಿಂತ. ನಾನು ಉಬ್ಬಿಹೋದೆ. ಸೂಜಿ ಹೆಸರು, ನಂಬರು ಒತ್ತಿದ. ಮುಖ ಸಣ್ಣದಾಯ್ತು ಅವಂದು.

'ಸಾರ್, ಇವರು ಈಗಾಗ್ಲೇ ಒಂದು ಸಾಲಕ್ಕೆ ಜಾಮೀನಿದಾರೆ.'

'ಬೇರೆ ಯಾರದೋ ಇರ್ಬೇಕು ಕಣಯ್ಯ, ಸರಿಯಾಗಿ ನೋಡು.'

'ಬೈಂಡಿಂಗ್ ಶಾಪಿನ ಸಾಲ ಸಾರ್. ಮೂರು ವರ್ಷ ಆಯ್ತು. ಅದು ಇರೋ ತನಕ ಇವರ ಹೆಸರಿಗೆ ಇಷ್ಟು ದೊಡ್ಡ ಸಾಲ ಕೊಡೋಕಾಗಲ್ಲ.'

ಆಮೇಲೆ ತಗ್ಗಿದ ದನೀಲಿ ಏನಂದ ಗೊತ್ತಾ? 'ಸಾರ್, ನಿಮ್ಮ ಕ್ಲಾಸಿಗೆ ಬಂದಿಲ್ವಾ ಇವರು?'

ಅಣ್ಣ, ಆ ಗಾಜೊಳಗೆ ತಲೆ ತೂರಿಸಿ ಅಲ್ಲೇ ಸತ್ತುಹೋಗ್ಬೇಕು ಅನ್ನಿಸ್ತು. ಸೂಜಿ ಫಾರ್ಮು ವಾಪಸ್ ತಗೊಂಡ್ಲು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ್ಲು. 'ನೆನಪಿದೆ ಚಿಕ್ಕಪ್ಪ,' ಅಂದ್ಲು. 'ಕಾಲೇಜಿಗೆ ಸೇರೋ ವಾರ. ಅಪ್ಪ ಫಾರ್ಮುಗಳ ಕಟ್ಟು ತಂದಿದ್ರು. ಅಡ್ಮಿಷನ್ನಿಂದು, ಲೈಬ್ರರೀದು. ಇಲ್ಲೂ ಒಂದು, ಇಲ್ಲೂ ಒಂದು ಅಂದ್ರು. ನಾನು ಹಾಕ್ತಾ ಹೋದೆ. ಸಹಿ ಹಾಕೋದು ಅಂದ್ರೆ ದೊಡ್ಡೋಳಾದೆ ಅಂತ ಖುಷಿ ನಂಗೆ.'

ಖುಷಿಯಂತೆ! ಕೇಳಿಸ್ಕೊಂಡ್ಯಾ? ಹದಿನೆಂಟು ತುಂಬಿದ ವಾರಾನೇ ಹಾಕ್ಸಿದ್ದೀಯ. ಹುಟ್ಟುಹಬ್ಬದ ಉಡುಗೊರೆ. ಹೆತ್ತ ಮಗಳಿಗೆ! ಒಂದು ಸಹಿ ತಾನೆ, ಜೀವ ಕೇಳಿದ್ನಾ ಅಂತೀಯಲ್ಲ, ಇದೇ ಕಣೋ ಜೀವ! ಅವಳ ಸೀಟು ಹೋಯ್ತು ನಿನ್ನಿಂದ. ಅದೂ ಸಾಲ್ದು ಅಂತ ಮೊನ್ನೆ ಇನ್ನೊಂದು ಲಕೋಟೆ! ಒಂದೇ ಕುತ್ತಿಗೆಗೆ ಎಷ್ಟು ಹಗ್ಗ ಹಾಕ್ತೀಯ? ನಾನು ನಿನ್ನ ಮಾತು ಆಡಿ ತೋರಿಸ್ದೆ ಅಂತ ನೊಂದ್ಕೊಂಡ್ಯಲ್ಲ, ಕಡಿಮೆ ಆಡಿದೆ ನಾನು. ಬಹಳ ಕಡಿಮೆ ಆಡಿದೆ!

ಉತ್ತರ ಬರಿ. ಈ ಸಲ ಪೂರ್ತಿ ಹಾಳೆ ಮೇಲೆ ಬರಿ.

ಸೆಪ್ಟೆಂಬರ್ 22. ಅಣ್ಣನ ಚೀಟಿಗಳು, ಮೂರು ಪಟ್ಟಿ ಸೇರಿಸಿ ಅಂಟಿಸಿದ್ದು

ಹೌದು, ಹಾಕಿಸಿದೆ. ಹೊಲಿಗೆಯವನ ಬೆರಳು ಕಟಿಂಗ್ ಮಷೀನಿಗೆ ಸಿಕ್ಕ ವರ್ಷ ಅದು. ಆಸ್ಪತ್ರೆ, ಆಮೇಲೆ ಆರು ತಿಂಗಳು ಅವನ ಮನೆಯ ಖರ್ಚು. ನಿನಗೆ ಹೇಳಿರಲಿಲ್ಲ. ಜಾಮೀನಿಗೆ ಯಾರೂ ಬರಲಿಲ್ಲ. ನಿನ್ನನ್ನು ಕೇಳಲಿಲ್ಲ. ನೀನು ಏನು ಹೇಳುತ್ತೀಯ ಎಂದು ಗೊತ್ತಿತ್ತು.

ಅವಳಿಗೆ ಸೀಟು ಸಿಕ್ಕ ದಿನದಿಂದ ನನಗೆ ನಿದ್ದೆ ಇಲ್ಲ. ಅವಳ ಬದಲಿಗೆ ಮಷೀನನ್ನೇ ಅಡ ಇಟ್ಟುಕೊಳ್ಳಿ ಎಂದು ಬ್ಯಾಂಕಿನವರ ಕಾಲು ಹಿಡಿದು ಒಪ್ಪಿಸಿದೆ. ಲಕೋಟೆಯಲ್ಲಿ ಇದ್ದದ್ದು ಅವಳ ಹೆಸರು ತೆಗೆಯುವ ಕಾಗದ. ಬಿಡುಗಡೆಗೂ ಅವಳದೇ ಸಹಿ ಬೇಕಂತೆ. ಬರೆದು ಹೇಳಬಹುದಿತ್ತು. ತೆಗೆಯುತ್ತೇನೆ ಎಂದು ಹೇಳಬೇಕಾದರೆ ಹಾಕಿಸಿದ್ದನ್ನೂ ಹೇಳಬೇಕಿತ್ತು.

ಅವರು ಕೊಟ್ಟಿದ್ದ ಸೆಪ್ಟೆಂಬರ್ ಹತ್ತರ ಗಡುವು ದಾಟಿತು. ಈಗ ಮಷೀನು ಹಳೆಯದು, ಸಾಲದು, ಸಂಬಳ ಬರುವವರು ಯಾರಾದರೂ ಜಾಮೀನು ನಿಲ್ಲಲಿ ಎನ್ನುತ್ತಾರೆ. ನೀನು ಕೇಳಿದಂತೆ ಸ್ಪೀಕರ್ ಹಾಕಿದ್ದೆ. ಎಲ್ಲರೂ ಕೇಳಿದರು. ಹೊಲಿಗೆಯವನು ಎದ್ದು ಹೊರಗೆ ಹೋದ.

ಸೆಪ್ಟೆಂಬರ್ 23. ಧ್ವನಿ ಸಂದೇಶ

ನಿನ್ನ ಮೂರು ಪಟ್ಟಿ ಮುಂದೆ ಇಟ್ಕೊಂಡು ಬಟನ್ ಒತ್ತಿದೀನಿ.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ, ಅದು ಮೊದಲೇ ಹೇಳ್ತೀನಿ. ಬೆರಳು ಹೋಗಿದ್ದು ನಂಗೆ ಯಾಕೆ ಹೇಳ್ಲಿಲ್ಲ? ನಾನು ಅಷ್ಟು ಕೆಟ್ಟೋನಾ? 'ನೀನು ಏನು ಹೇಳುತ್ತೀಯ ಎಂದು ಗೊತ್ತಿತ್ತು' ಅಂತೆ. ಕೇಳದೇ ಹೇಗೆ ಗೊತ್ತಾಗುತ್ತೋ ನಿಂಗೆ?

...ಇದನ್ನ ನಾನು ಹೇಳ್ತಿದೀನಲ್ಲ. ನಾನು.

ಸೂಜಿಗೆ ನಿನ್ನ ಚೀಟಿ ತೋರಿಸ್ದೆ. ನಿಂತ್ಕೊಂಡೇ ಓದಿದ್ಲು. ನಾನು ಅಂದ್ಕೊಂಡೆ ಅಳ್ತಾಳೆ ಅಂತ. ಅಳ್ಲಿಲ್ಲ ಅಣ್ಣ, ನನ್ನ ಮೇಲೆ ಹರಿಹಾಯ್ದ್ಲು.

'ಒಬ್ಬರು ಓದೋಕೆ ಬಿಡ್ದೆ ಸಹಿ ಹಾಕ್ಸಿದ್ರಿ. ಇನ್ನೊಬ್ಬರು ಓದೋಕೆ ಬಿಡ್ದೆ ವಾಪಸ್ ಕಳಿಸಿದ್ರಿ. ಅಣ್ಣ ತಮ್ಮ ಇಬ್ಬರಿಗೂ ಒಂದೇ ಒಂದು ಸಲ ಹೊಳೀಲಿಲ್ವಾ, ಇವಳಿಗೆ ಓದೋಕೆ ಬರುತ್ತೆ ಅಂತ?'

'ನಾನು ನಿನ್ನ ಒಳ್ಳೇದಕ್ಕೇ...' ಅಂದೆ.

'ಅಪ್ಪಾನೂ ಅದನ್ನೇ ಹೇಳ್ತಾರೆ. ಅದೇ ದನೀಲಿ. ಬೆರಳು ಒಂದು ಉಜ್ಕೊಳ್ಳಿ, ಸರಿಹೋಗುತ್ತೆ.'

ಬಾಗಿಲು ದಡ್ ಅಂತ ಹಾಕ್ಕೊಂಡು ಹೋದ್ಲು. ಹಾಲ್‌ನ ಗಡಿಯಾರ ಓರೆಯಾಯ್ತು, ಇನ್ನೂ ಹಾಗೇ ಇದೆ.

ಇವತ್ತು ಕ್ಲಾಸಿಗೆ ಹೋಗಿ ಬೋರ್ಡ್ ಮೇಲಿದ್ದ ನಿಯಮ ಅಳಿಸ್ದೆ. 'ಕಾರಣ ಕೇಳಿ. ಕಾಗದ ಓದಿ. ಆಮೇಲೂ ಇಲ್ಲ ಅನ್ನಬಹುದು' ಅಂತ ಬರೆದೆ. ಹಿಂದಿನ ಬೆಂಚಿಂದ ಒಬ್ಬ, 'ಸಾರ್, ಪರೀಕ್ಷೆಗೆ ಯಾವುದು ಬರುತ್ತೆ, ಹಳೇದಾ ಹೊಸದಾ?' ಅಂದ. ಬಯ್ಯೋಕೆ ಬಾಯಿ ತೆಗೆದೋನು ಡಸ್ಟರ್ ಎತ್ಕೊಂಡು ಬೋರ್ಡಿನ ಮೂಲೆ ಒರೆಸ್ದೆ.

ಕೇಳಿಲ್ಲಿ. ಸಂಬಳ ಬರೋರು ಯಾರಾದ್ರೂ ಅಂದ್ರಲ್ಲ? ನಾನಿದೀನಿ. ನನ್ನ ಹೆಸರು ಹಾಕು. ಪ್ರೀತಿಯಿಂದ ಹಾಕ್ತಿದೀನಿ ಅಂತ ತಿಳ್ಕೋಬೇಡ, ಸಿಟ್ಟಿನಿಂದಾನೇ ಹಾಕ್ತಿದೀನಿ. ಅಕ್ಟೋಬರ್ ಹದಿನೈದಕ್ಕೆ ಇನ್ನೂ ಟೈಮಿದೆ. ಕಾಗದ ರೆಡಿ ಮಾಡ್ಸು.

ಸೆಪ್ಟೆಂಬರ್ 27. ಅಣ್ಣನ ಚೀಟಿ

ಇಲ್ಲ. ನನ್ನಿಂದ ಆಗುವುದಿಲ್ಲ. ಬೇರೆ ಏನಾದರೂ ಮಾತಾಡೋಣ.

ಸೆಪ್ಟೆಂಬರ್ 28. ಧ್ವನಿ ಸಂದೇಶ

ಏನದು? ಏನದು ಅಂತ! ನನ್ನ ಪಾಠ ನಂಗೇ ಒಪ್ಪಿಸ್ತೀಯಾ?

ಯಾಕೆ? ಯಾಕೆ ಆಗಲ್ಲ? ಹೇಳು ಕಾರಣ. ಹೌದು ಕಣೋ, ಕೇಳ್ತಾ ಇದೀನಿ, ಕಾರಣ ಕೇಳ್ತಾ ಇದೀನಿ, ನಗು! ಸ್ಪೀಕರಲ್ಲಿ ಎಲ್ಲರೂ ಸೇರಿ ನಗಿ! ತಮ್ಮನ ಹತ್ರ ಕೈ ಒಡ್ಡಿದ್ರೆ ದೊಡ್ಡೋನಿಗೆ ಮರ್ಯಾದೆ ಹೋಗುತ್ತೆ, ಅಷ್ಟೇ ತಾನೆ? ಹೆಸರು ಕೇಳದೆ ತಗೋಬಹುದು ಹದಿನೆಂಟು ವರ್ಷದ ಹುಡುಗೀದು. ಐವತ್ತು ವರ್ಷದ ತಮ್ಮ ತಾನಾಗೇ ಕೊಟ್ರೆ ಬೇಡ! ಎಂಥಾ ಮಾನವಂತ ಕಣೋ ನೀನು! ಆ ಮಾನ ಇಟ್ಕೊಂಡು ಏನ್ ಮಾಡ್ತೀಯ, ರಟ್ಟು ಹಾಕಿ ಬೈಂಡ್ ಮಾಡಿಸ್ಕೋ!

ನಾನು ನಿನ್ನ ಒಪ್ಪಿಗೆ ಕೇಳ್ತಿಲ್ಲ. ಸೋಮವಾರ ಆರನೇ ತಾರೀಕು ಸೂಜೀನ ಕರ್ಕೊಂಡು ನಿನ್ನ ಊರಿನ ಬ್ಯಾಂಕಿಗೇ ಬರ್ತೀನಿ. ಬ್ಯಾಂಕಿನವರ ಜೊತೆ ನಾನೇ ಮಾತಾಡಿದೀನಿ. ಮೂರು ಸಹಿ ಬೇಕಂತೆ. ಸಾಲ ತಗೊಂಡೋನು, ಬಿಡುಗಡೆ ಆಗೋಳು, ಹೊಸದಾಗಿ ನಿಲ್ಲೋನು. ನೀನು ಬಾ, ಬಿಡು. ಬರ್ದಿದ್ರೆ ಸೀಟು ಹೋಗೋದು ನಿನ್ನ ಮಗಳದ್ದು.

ಅಕ್ಟೋಬರ್ 6. ಧ್ವನಿ ಸಂದೇಶ

ಬ್ಯಾಂಕಿನ ಹೊರಗಿನ ಬೆಂಚಲ್ಲಿ ಕೂತಿದೀನಿ. ಬೆಳಗ್ಗೆ ಬಾಗಿಲು ತೆಗೆಯೋಕೆ ಮುಂಚೇನೇ ಬಂದ್ವಿ. ಎರಡು ಬೀದಿ ಆಚೆ ನಿನ್ನ ಶಾಪು. ನಾನು ಅಲ್ಲಿಗೆ ಬರಲ್ಲ. ಇಲ್ಲೀ ತನಕ ಬಂದಿದೀನಿ, ಎರಡು ಬೀದಿ ನೀನು ನಡಿ.

ಸೂಜಿ ಒಳಗಿದ್ದಾಳೆ. ಕಾಗದ ಕೊಟ್ರು, ಕೂತು ಓದ್ತಾ ಇದಾಳೆ, ಒಂದೊಂದೇ ಸಾಲು, ಬೆರಳಿಟ್ಕೊಂಡು. 'ಇಲ್ಲಿ ಬಿಡುಗಡೆ ಅಂದ್ರೆ ಇವತ್ತಿಂದಾನಾ, ನೀವು ಮಂಜೂರು ಮಾಡಿದ ದಿನದಿಂದಾನಾ?' ಅಂತ ಕೇಳಿದ್ಲು. ಆಫೀಸರಮ್ಮ ಒಳಗೆ ಹೋಗಿ ಯಾರನ್ನೋ ಕೇಳ್ಕೊಂಡು ಬಂದ್ರು. ಇನ್ನೊಂದು ಕೇಳಿದ್ಲು, ಮತ್ತೆ ಹೋದ್ರು. ಆ ಅಮ್ಮನ ಮುಖ ನೋಡಿದ್ರೆ ಪಾಪ ಅನ್ಸುತ್ತೆ. ನಂಗೆ ಸೊಕ್ಕು ಬರ್ತಿದೆ. ಆದ್ರೆ ಅವತ್ತು ಲಕೋಟೆ ಬಿಚ್ಚೋಕೆ ಬಿಟ್ಟಿದ್ರೆ ಈ ಕೆಲಸ ಆಗಸ್ಟಲ್ಲಿ ನನ್ನ ಊಟದ ಮೇಜಿನ ಮೇಲೇ ಮುಗಿಯೋದು.

ಬಸ್ಸಲ್ಲಿ ಬರ್ತಾ ಅವಳು ಒಂದು ಮಾತು ಹೇಳಿದ್ಲು. ಅತ್ತಿಗೆ ಫೋನ್ ಮಾಡಿದ್ರಂತೆ. ನೀನು ಸ್ಪೀಕರ್ ಹಾಕೋದು ಗೋಂದಿನ ಕೈ ಅಂತ ಅಲ್ವಂತೆ. ಕೆಲಸದೋರು ಕೇಳ್ಲಿ ಅಂತ ಹಾಕ್ತೀಯಂತೆ. 'ನನ್ನ ತಮ್ಮ ಕಾಲೇಜಲ್ಲಿ ಹೇಳೋದು, ಇಲ್ಲಿ ಪುಕ್ಕಟೆ ಕೇಳಿ' ಅಂತೀಯಂತೆ. ಬೈದಿದ್ದನ್ನೂ ಹಾಕ್ತೀಯಲ್ಲೋ ಮಾರಾಯ! ಮತ್ತೆ ನನ್ನ ಸಹಿ ಬೇಡ ಅಂದಿದ್ದು ಮಾನಕ್ಕಲ್ವಂತೆ. 'ಇಲ್ಲ ಮೇಷ್ಟ್ರು ಅಂತ ಹೆಸರು ತಗೊಂಡಿದಾನೆ, ನನ್ನಿಂದ ಅವನ ಪಾಠ ಅವನೇ ಮುರಿದ ಅಂತ ಮಕ್ಕಳು ನಗಬಾರ್ದು' ಅಂದ್ಯಂತೆ.

ನಗ್ಲಿ ಬಿಡೋ! ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಅಂತ ಮುಂದಿನ ವಾರ ಬೋರ್ಡ್ ಮೇಲೆ ಅವರೇ ಬರೀತಾರೆ, ಬರೀಲಿ. ಇದನ್ನ ಆ ಚೀಟಿಯಲ್ಲೇ ಬರೆಯೋಕೆ ನಿಂಗೇನು ರೋಗ ಬಂದಿತ್ತು? ಪಟ್ಟಿ ಚಿಕ್ಕದಾಯ್ತಾ? ಒಂದು ಸಾಲು ಕಣೋ. ಒಂದೇ ಸಾಲು ಬರೆದಿದ್ರೆ ನಾನು ಎಂಟು ದಿನ ಹಲ್ಲು ಕಡೀತಾ ಇರ್ತಿರ್ಲಿಲ್ಲ. ಅತ್ತಿಗೆ ಸೂಜಿಗೆ ಹೇಳಿ, ಸೂಜಿ ನಂಗೆ ಹೇಳಿ, ಬಸ್ಸಲ್ಲಿ, ಪಕ್ಕದ ಸೀಟೋನು ಕಿವಿ ನಿಮಿರಿಸ್ಕೊಂಡು ಕೂತಿರುವಾಗ...

ಇರು. ಇರಿರು.

ರಸ್ತೆ ಆಚೆ ನಿಂತಿರೋನು ನೀನೇ ಅಲ್ವಾ? ನೀಲಿ ಶರ್ಟು, ತೋಳಿಗೆಲ್ಲ ಬಿಳೀ ಕಲೆ. ನೀನೇ. ಯಾವಾಗ ಬಂದೆ? ಅಲ್ಲೇನ್ ಮಾಡ್ತಿದ್ದೀಯ ಕಂಬಕ್ಕೆ ಒರಗಿಕೊಂಡು? ಫೋನು ಕಿವಿಗೆ ಹಿಡಿದಿದ್ದೀಯ. ಮಾತಾಡ್ತಿಲ್ಲ, ಕೇಳ್ತಿದ್ದೀಯ. ಹಿಂದಿನ ಸಲದ್ದಾ? ರಟ್ಟು ಹಾಕಿ ಬೈಂಡ್ ಮಾಡಿಸ್ಕೋ ಅಂದಿದ್ದಾ? ಅದನ್ನ ಎಷ್ಟು ಸಲ ಕೇಳ್ತೀಯೋ ಬೀದೀಲಿ ನಿಂತು! ಸ್ಪೀಕರ್ ಹಾಕಿಲ್ಲ ಇವತ್ತು. ಕಿವಿಗೆ ಒತ್ತಿಕೊಂಡಿದ್ದೀಯ.

ಮೈ ಸಣ್ಣ ಆಗಿದೆ ನಿಂದು. ಹೊಲಿಗೆಯವನೂ ಜೊತೇಲಿದಾನಲ್ಲ. ನಿನ್ನ ಭುಜ ಹಿಡಿದು ಈ ಕಡೆ ತಳ್ತಿದಾನೆ, ನೀನು ಅಲ್ಲಾಡ್ತಿಲ್ಲ. ಭಲೇ, ಬಿಡ್ಬೇಡ್ರೀ, ತಳ್ಳಿ ಇನ್ನೂ!

ಅಣ್ಣ, ದಾಟು. ಗಾಡಿ ಏನೂ ಬರ್ತಿಲ್ಲ. ಆ ಕಡೆ ನೋಡಿ ದಾಟು. ನಿನ್ನ ಮೇಲಿನ ಸಿಟ್ಟು ಹಾಗೇ ಇದೆ, ಅದನ್ನ ಎದುರಿಗೇ ಕೊಡ್ತೀನಿ, ಅದಕ್ಕಾದ್ರೂ ಬಾ...

'ಚಿಕ್ಕಪ್ಪಾ! ಚಿಕ್ಕಪ್ಪ, ಬನ್ನಿ ಇಲ್ಲಿ!'

ಸೂಜಿ ಕರೀತಾಳೆ, ಬಾಗಿಲಲ್ಲಿ ನಿಂತು. ಏನಮ್ಮ? ಪೆನ್ನು ಇದೆ ನನ್ನ ಹತ್ರ, ಸಹಿ ತಾನೆ, ಎಲ್ಲಿ ಹಾಕ್ಬೇಕು ತೋರ್ಸು, ಹಾಕ್ಬಿಡ್ತೀನಿ.

'ಹಾಕೋದಾಮೇಲೆ. ನಿಮ್ಮ ಪುಟ ನೀವಿನ್ನೂ ಓದೇ ಇಲ್ಲ.'

ಕೇಳಿಸ್ತಾ ಅಣ್ಣ? ಓದ್ಬೇಕಂತೆ ನಾನು. ದಾಟು ಬೇಗ, ನಿಂದೂ ಒಂದು ಪುಟ ಇರುತ್ತೆ. ಬಂದೆ ಕಣಮ್ಮ, ಬಂದೆ. ಇಡ್ತೀನಿ.